ಈಲಿಂಗಿನ ಲಾವಣಿ, ವೈಟ್ ಸಿಟಿಯ ಗುಡುಗುಡಿ

(ಸಂಘದ ಸಂಸ್ಥಾಪನಾ ದಿನದ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹರೂಪ)

ಮಾನ್ಯ ಅಧ್ಯಕ್ಷರೆ, ಕಾರ್ಯಕಾರಿ ಸಮಿತಿಯ ಮಿತ್ರರೆ, ಎಂ-25 ರಸ್ತೆಯ ಕಾಟವನ್ನು ಸಹಿಸಿಕೊಂಡು ದೂರದೂರದಿಂದ ಬಂದಿರುವ ಕನ್ನಡ ಬಂಧುಗಳೆ, ಹಿಂದಿನ ಸಾಲಿನಲ್ಲಿ ಕುಳಿತು ಬಿಸಿಬೇಳೆಭಾತಿನ ವಾಸನೆಗೆ ಆಗಲೇ ಕತ್ತು ತಿರುಗಿಸುತ್ತಿರುವ ಮಕ್ಕಳೆ,

ಸಮಿತಿಯವರು ನಮಗೆ ಕೊಟ್ಟ ವಿಷಯ 'ಕನ್ನಡ ಜಾನಪದ ಗಾಯನದ ಭವ್ಯ ಪರಂಪರೆ'. ಕೊಟ್ಟ ಸಮಯ ಇಪ್ಪತ್ತು ನಿಮಿಷ. ಜೋಗದ ಜಲಪಾತವನ್ನು ಕಾಫಿ ಲೋಟದಲ್ಲಿ ಹಿಡಿದು ತನ್ನಿ ಎಂದ ಹಾಗಾಯಿತು. ನಾವು ಜಾನಪದ ವಿದ್ವಾಂಸರೂ ಅಲ್ಲ. ಮೂವತ್ತು ವರ್ಷ ಪಶ್ಚಿಮ ಲಂಡನ್ನಿನ ಒಂದು ಸರ್ಜರಿಯಲ್ಲಿ ಕುಳಿತು ನೆಗಡಿ-ಕೆಮ್ಮುಗಳಿಗೆ ಚೀಟಿ ಬರೆದುಕೊಟ್ಟವರು. ಆದ್ದರಿಂದ ಅಧ್ಯಕ್ಷರ ಕ್ಷಮೆ ಬೇಡಿ, ಭವ್ಯ ಪರಂಪರೆಯನ್ನು ಬಲ್ಲವರಿಗೆ ಬಿಟ್ಟು, ನಮ್ಮ ಮನೆಯಲ್ಲಿ ಜಗಳ ತಂದ ಒಂದೇ ಒಂದು ಆಲ್ಬಮ್ಮಿನ ವಿಷಯ ಹೇಳುತ್ತೇವೆ. ಇನ್ನೊಂದು ಮಾತು. 'ನಾವು' ಎನ್ನುವುದು ರಾಜಠೀವಿಯಿಂದಲ್ಲ. ಈ ಮಾತುಗಳಲ್ಲಿ ಅರ್ಧದಷ್ಟು ನಮ್ಮ ಮನೆಯವರದು. ಅವರು ವೇದಿಕೆ ಹತ್ತಲು ಒಪ್ಪದೆ ಅಡಿಗೆಮನೆಯ ಉಸ್ತುವಾರಿ ವಹಿಸಿಕೊಂಡಿದ್ದಾರೆ. ತಪ್ಪೇನಾದರೂ ಹೇಳಿದರೆ ಅಲ್ಲಿಂದಲೇ ಸೌಟಿನ ಸದ್ದು ಕೇಳಿಬರುತ್ತದೆ.

2010ರ ಒಂದು ರಾತ್ರಿ. ಬಿಬಿಸಿಯ ಎರಡನೆಯ ವಾಹಿನಿಯಲ್ಲಿ 'ಲೇಟರ್ ವಿತ್ ಜೂಲ್ಸ್ ಹಾಲೆಂಡ್' ಎಂಬ ಸಂಗೀತ ಕಾರ್ಯಕ್ರಮ. 1992ರಲ್ಲಿ ಆರಂಭವಾದ ಈ ಕಾರ್ಯಕ್ರಮವನ್ನು ನಿಮ್ಮಲ್ಲಿ ಅನೇಕರು ನೋಡಿದ್ದೀರಿ. ಒಂದೇ ದೊಡ್ಡ ಸ್ಟುಡಿಯೋದಲ್ಲಿ ಆ ವಾರದ ಎಲ್ಲ ತಂಡಗಳನ್ನೂ ವೃತ್ತಾಕಾರವಾಗಿ ನಿಲ್ಲಿಸಿಬಿಡುತ್ತಾರೆ. ಜಗತ್ಪ್ರಸಿದ್ಧರು, ಯಾರಿಗೂ ಗೊತ್ತಿಲ್ಲದವರು, ಎಲ್ಲರೂ ಒಂದೇ ನೆಲದ ಮೇಲೆ. ಒಬ್ಬರ ಹಾಡು ಮುಗಿದ ಕೂಡಲೇ ಕ್ಯಾಮರಾ ಪಕ್ಕಕ್ಕೆ ತಿರುಗುತ್ತದೆ. ನಮ್ಮೂರಿನ ಸಂತರ್ಪಣೆಯ ಪಂಕ್ತಿಯಂತೆ. ಸಾಹುಕಾರನ ಪಕ್ಕದ ಎಲೆ ಯಾರದೋ ತಿಳಿಯದು. ಆಗ ಇದನ್ನು ಚಿತ್ರಿಸುತ್ತಿದ್ದುದು ವೈಟ್ ಸಿಟಿಯ ವುಡ್ ಲೇನಿನಲ್ಲಿದ್ದ ಬಿಬಿಸಿಯ ಟೆಲಿವಿಷನ್ ಸೆಂಟರಿನಲ್ಲಿ. ಇಂದು ಆ ಕಟ್ಟಡದ ಬಹುಭಾಗ ದುಬಾರಿ ಫ್ಲ್ಯಾಟುಗಳಾಗಿವೆ.

"ಅಪ್ಪಾ, ಬೇಗ ಬಾ, ನಮ್ಮೋರು ಟಿವೀಲಿ!" ಎಂದು ಮಗಳು ಕೂಗಿದಳು. ಅವಳಿಗೆ ಆಗ ಹದಿನಾರು. ನಮ್ಮವರು ಟಿವಿಯಲ್ಲಿ ಬರುವುದು ಕ್ರಿಕೆಟ್ಟಿಗೋ ಪ್ರವಾಹಕ್ಕೋ ಎಂದು ತಿಳಿದಿದ್ದ ನಾವು ಕೆಳಗೆ ಇಳಿದು ಬಂದು ನೋಡಿದರೆ, ಬಣ್ಣದ ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿ, ಕೊರಳಿಗೆ ಗಿಟಾರು ತಗುಲಿಹಾಕಿಕೊಂಡ ದೊಡ್ಡ ಗಂಟಲಿನ ಒಬ್ಬ ಗಾಯಕ. ಮೈಸೂರಿನ ರಘು ದೀಕ್ಷಿತ್.

ನಿಮ್ಮ ಮುಂದೆ ಸುಳ್ಳು ಹೇಳುವುದಿಲ್ಲ. ನಮಗೆ ಮೊದಲು ಆದದ್ದು ಹೆಮ್ಮೆಯಲ್ಲ, ಸಂಕೋಚ. ಲುಂಗಿಯಲ್ಲಿ ಬಿಬಿಸಿಗೆ ಬರುವುದೆ? ನಾವು ಬಾಗಿಲಾಚೆ ಇಟ್ಟ ಹಾಲಿನ ಬಾಟಲಿ ಎತ್ತಿಕೊಳ್ಳಲು ಹೊರಗೆ ಕೈ ಚಾಚುವಾಗಲೂ ಲುಂಗಿ ಬದಲಿಸಿ ಪ್ಯಾಂಟು ಹಾಕಿಕೊಂಡ ಪೀಳಿಗೆಯವರು. ಎದುರುಮನೆಯವರು ಏನೆಂದುಕೊಂಡಾರು ಎಂಬ ಒಂದೇ ಚಿಂತೆಯಲ್ಲಿ ಎಷ್ಟು ವರ್ಷ ಕಳೆದೆವೋ! ಅಂಥವರ ಕಣ್ಣೆದುರು ಈ ಮನುಷ್ಯ ಲುಂಗಿಯ ತುದಿ ಹಾರುವಂತೆ ಕುಣಿಯುತ್ತಿದ್ದಾರೆ. ಸುತ್ತ ನಿಂತ ಬೇರೆ ತಂಡದವರು ತಾಳ ಹಾಕುತ್ತಿದ್ದಾರೆ.

ಆ ಕಾರ್ಯಕ್ರಮದ ಬೆನ್ನಿಗೇ ಅವರ ಮೊದಲ ಆಲ್ಬಮ್ ಈ ದೇಶದ ಐಟ್ಯೂನ್ಸ್ ವಿಶ್ವಸಂಗೀತ ಪಟ್ಟಿಯ ಮೊದಲ ಸ್ಥಾನಕ್ಕೆ ಏರಿತು. ಮರುವರ್ಷ, 2011ರಲ್ಲಿ, ಗ್ಲಾಸ್ಟನ್‌ಬರಿಯ ಮಹಾಮೇಳದಲ್ಲಿ ಹಾಡಿದರು. 'ಸಾಂಗ್‌ಲೈನ್ಸ್' ಪತ್ರಿಕೆ ಹೊಸ ಪ್ರತಿಭೆಗೆ ಕೊಡುವ ಪ್ರಶಸ್ತಿಯೂ ಬಂತು. ಆಲ್ಬಮ್ ಹೊಸದೇನಾಗಿರಲಿಲ್ಲ. 'ರಘು ದೀಕ್ಷಿತ್' ಎಂಬ ಹೆಸರಿನಲ್ಲೇ 2008ರಲ್ಲಿ ಭಾರತದಲ್ಲಿ ಬಿಡುಗಡೆಯಾಗಿತ್ತು. ಹಲವು ಕಂಪನಿಗಳ ಬಾಗಿಲು ತಟ್ಟಿ ಬರಿಗೈಯಲ್ಲಿ ಹಿಂತಿರುಗಿದ್ದವರನ್ನು ಕಡೆಗೆ ಹಿಂದಿ ಚಿತ್ರಗಳ ಸಂಗೀತ ನಿರ್ದೇಶಕರಾದ ವಿಶಾಲ್-ಶೇಖರ್ ಜೋಡಿ ಮುಂಬಯಿಯಲ್ಲಿ ಕೇಳಿ, ತಮ್ಮ ಕೌಂಟರ್ ಕಲ್ಚರ್ ಸಂಸ್ಥೆಯಿಂದ ಹೊರತಂದರು.

ಇವರ ಹಿನ್ನೆಲೆಯೂ ಸ್ವಾರಸ್ಯವಾದದ್ದು. ಹುಟ್ಟಿದ್ದು 1974ರಲ್ಲಿ, ನಾಸಿಕ್‌ನಲ್ಲಿ, ಬೆಳೆದದ್ದು ಮೈಸೂರಿನಲ್ಲಿ. ಕಲಿತದ್ದು ಭರತನಾಟ್ಯ. ಓದಿದ್ದು ಸೂಕ್ಷ್ಮಜೀವಿಶಾಸ್ತ್ರ, ಅದರಲ್ಲಿ ಚಿನ್ನದ ಪದಕ. ನಾಟ್ಯ ಕಲಿಯುವುದನ್ನು ಕಾಲೇಜಿನ ಸಹಪಾಠಿಯೊಬ್ಬ ಹಂಗಿಸಿದ್ದಕ್ಕೆ ಪಂಥ ಕಟ್ಟಿ ಗಿಟಾರು ಹಿಡಿದವರು. ಆಮೇಲೆ ಬೆಲ್ಜಿಯಂ ದೇಶಕ್ಕೆ ವಿಜ್ಞಾನಿಯ ಕೆಲಸಕ್ಕೆ ಹೋದರು. ಅಲ್ಲಿ ಅವರ ಹಾಡು ಕೇಳಿದ ಮನೆ ಮಾಲೀಕರೇ ಸ್ಥಳೀಯ ರೇಡಿಯೋದವರ ತನಕ ಅದನ್ನು ಮುಟ್ಟಿಸಿದರೆಂದು ಅವರೇ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. ಪರದೇಶದ ಬಾಡಿಗೆ ಕೋಣೆ, ಸಂಜೆಯ ಒಂಟಿತನ, ಕೈಯಲ್ಲಿ ಒಳ್ಳೆಯ ಕೆಲಸ. ಇಲ್ಲಿಯವರೆಗೆ ನಮ್ಮೆಲ್ಲರ ಕಥೆಯೂ ಇದೇ. ಅವರು ಕೆಲಸ ಬಿಟ್ಟು ಬೆಂಗಳೂರಿಗೆ ಹಿಂತಿರುಗಿದರು. ನಾವು ಇನ್ನೆರಡು ವರ್ಷ, ಇನ್ನೆರಡು ವರ್ಷ ಎಂದು ಉಳಿದೆವು.

ಇರಲಿ, ಜಗಳಕ್ಕೆ ಬರೋಣ. ಆ ಆಲ್ಬಮ್ಮಿನಲ್ಲಿ ಹೆಚ್ಚಿನವು ಹಿಂದಿಯವು, ಇಂಗ್ಲಿಷೂ ಇದೆ. ಇದನ್ನು ಕನ್ನಡದ ಆಲ್ಬಮ್ ಎಂದು ಬೀಗುವುದು ಪೂರ್ತಿ ಸರಿಯಲ್ಲ. ಆದರೆ ಅದರ ನಡುವೆ ಸಂತ ಶಿಶುನಾಳ ಶರೀಫರ ಗುಡುಗುಡಿಯ ಪದವಿದೆ. ಮಗಳು ಅದನ್ನು ದಿನಕ್ಕೆ ಹತ್ತು ಸಲ ಹಾಕಲು ಶುರುಮಾಡಿದಳು. ಗಿಟಾರು, ಡ್ರಮ್ಮು, ಪಿಟೀಲು, ಮೇಲೆ ಆ ಗಂಟಲು. "ಶರೀಫರ ಪದಕ್ಕೆ ಡ್ರಮ್ ಯಾಕಮ್ಮ? ಇದು ಶರೀಫರ ಹಾಡೇ ಅಲ್ಲ" ಎಂದೆವು. "ಹಾಗಾದರೆ ಶರೀಫರ ಹಾಡು ಯಾವುದು?" ಎಂದು ಕೇಳಿದಳು.

ನಾವು ಗತ್ತಿನಿಂದ ಗ್ಯಾರೇಜಿನ ಪೆಟ್ಟಿಗೆ ತೆರೆದೆವು. ನಿಮ್ಮೆಲ್ಲರ ಮನೆಯಲ್ಲೂ ಇರುವ ಪೆಟ್ಟಿಗೆಯೇ ಅದು. 1978ರಲ್ಲಿ ಬಂದ, ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿ 'ನಿತ್ಯೋತ್ಸವ', ಕಾಳಿಂಗರಾಯರು, ಶಿವಮೊಗ್ಗ ಸುಬ್ಬಣ್ಣನವರು, ಯಕ್ಷಗಾನದ ಒಂದೆರಡು ಪ್ರಸಂಗಗಳು, ಯಾರದೋ ಮದುವೆಯ ಓಲಗ. ಮತ್ತು ಸಿ. ಅಶ್ವತ್ಥ್ ಅವರ ಕಂಠದ ಶರೀಫರ ಪದಗಳು. ಸೂಟ್‌ಕೇಸಿನಲ್ಲಿ ಚಟ್ನಿಪುಡಿಯ ಡಬ್ಬಿಗೂ ಉಣ್ಣೆಯ ಅಂಗಿಗೂ ನಡುವೆ ಬಂದ ಸುರುಳಿಗಳು ಅವು; ಇಂದಿಗೂ ಕವರು ತೆರೆದರೆ ಇಂಗಿನ ಪರಿಮಳ. ಅಶ್ವತ್ಥರ ಸುರುಳಿ ಎಷ್ಟು ಓಡಿತ್ತೆಂದರೆ ಪಟ್ಟಿ ಹಿಗ್ಗಿ, ಎತ್ತರದ ಸ್ಥಾಯಿಗೆ ಬಂದಾಗ ಅವರ ಧ್ವನಿ ಹತ್ತಿದ ಬೆಟ್ಟವನ್ನೇ ಇಳಿಯುತ್ತಿತ್ತು. ಪೆನ್ಸಿಲ್ ಹಾಕಿ ತಿರುಗಿಸಿ, ಸರಿಮಾಡಿ, ಕೇಳಿಸಿದೆವು.

ಮಗಳು ಪೂರ್ತಿ ಕೇಳಿದಳು. ಆಮೇಲೆ, "ಚೆನ್ನಾಗಿದೆ ಅಪ್ಪ. ಆದರೆ ಶರೀಫರು ಹೀಗೇ ಹಾಡುತ್ತಿದ್ದರು ಅಂತ ನಿಮಗೆ ಯಾರು ಹೇಳಿದರು?" ಎಂದಳು.

ಉತ್ತರವಿರಲಿಲ್ಲ. ಶರೀಫರು ಹುಟ್ಟಿದ್ದು 1819ರಲ್ಲಿ, ದೇಹ ಬಿಟ್ಟದ್ದು 1889ರಲ್ಲಿ. ಗ್ರಾಮಫೋನಿನವರು ಭಾರತಕ್ಕೆ ಬಂದು ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರ ಹಾಡನ್ನು ಧ್ವನಿಮುದ್ರಿಸಿಕೊಂಡದ್ದು 1902ರಲ್ಲಿ. ಶರೀಫರ ಕಂಠವನ್ನು ಯಾವ ಯಂತ್ರವೂ ಹಿಡಿದಿಲ್ಲ. ಉತ್ತರ ಕರ್ನಾಟಕದ ಭಜನಾ ಮೇಳಗಳಲ್ಲಿ ಈ ಪದಗಳಿಗೆ ಒಂದೊಂದು ಊರಿಗೆ ಒಂದೊಂದು ಮಟ್ಟು. ನಾವು ಅನಾದಿಕಾಲದ್ದೆಂದು ತಿಳಿದಿದ್ದ ಮಟ್ಟು 1939ರಲ್ಲಿ ಹುಟ್ಟಿದ ಅಶ್ವತ್ಥರ ಕೈಯದು. 1990ರಲ್ಲಿ ನಾಗಾಭರಣರು 'ಸಂತ ಶಿಶುನಾಳ ಶರೀಫ' ಚಿತ್ರವನ್ನು ತೆಗೆದು, ಶ್ರೀಧರ್ ಶರೀಫರಾಗಿಯೂ ಗಿರೀಶ ಕಾರ್ನಾಡರು ಗುರು ಗೋವಿಂದ ಭಟ್ಟರಾಗಿಯೂ ನಟಿಸಿದಾಗ ಅಶ್ವತ್ಥರ ಸಂಗೀತ ಮನೆಮನೆಗೆ ಮುಟ್ಟಿತು. ಅವರು ಈ ಪದಗಳನ್ನು ಹಾರ್ಮೋನಿಯಂ-ತಬಲಾಗಳಿಂದಾಚೆಗೆ ಒಯ್ದಾಗಲೂ ಯಾರೋ ಹಿರಿಯರು ಮೂಗು ಮುರಿದಿರಬಹುದು. ನಮಗೆ ಅದು ಹೊಳೆಯಲೇ ಇಲ್ಲ. ನಮ್ಮ ಯೌವನದಲ್ಲಿ ಕೇಳಿದ್ದು ಪರಂಪರೆ, ಮಕ್ಕಳು ಕೇಳುವುದು ಗಲಾಟೆ!

ಅಷ್ಟಕ್ಕೇ ನಿಲ್ಲದೆ, "ಸರಿ, ಈ ಹಾಡಿನ ಅರ್ಥ ಹೇಳು" ಎಂದಳು. ಮನೆಯವರು ಅಡಿಗೆಮನೆಗೆ ಜಾರಿಕೊಂಡರು. ಗುಡುಗುಡಿ ಎಂದರೆ ಹುಕ್ಕಾ, ಅದನ್ನು ಸೇದಬೇಕಂತೆ, ಎಂದು ತೊದಲಿದೆವು. "ನೀನು ಮೂವತ್ತು ವರ್ಷದಿಂದ ಪೇಷಂಟುಗಳಿಗೆ ಸೇದಬೇಡಿ ಅಂತಲ್ಲವಾ ಹೇಳುತ್ತಾ ಬಂದಿರೋದು?" ಎಂದು ನಕ್ಕಳು. ಹಾಸನದ ಕಡೆಯ ನಮಗೆ ಗುಡುಗುಡಿಯನ್ನು ಕಣ್ಣಾರೆ ಕಂಡ ನೆನಪೂ ಇರಲಿಲ್ಲ. ಅವಳು ಮಾತ್ರ ಕಂಡಿದ್ದಳು. ಎಡ್ಜ್‌ವೇರ್ ರಸ್ತೆಯ ಅರಬ್ಬೀ ಕೆಫೆಗಳ ಮುಂದೆ. 2007ರ ಜುಲೈಯಿಂದ ಇಂಗ್ಲೆಂಡಿನಲ್ಲಿ ಒಳಾಂಗಣದ ಧೂಮಪಾನ ನಿಷೇಧವಾದ ಮೇಲೆ ಆ ಕೆಫೆಗಳವರು ಹುಕ್ಕಾಗಳನ್ನು ಫುಟ್‌ಪಾತಿನ ಮೇಲೇ ಇಟ್ಟು ಸೇದಿಸುತ್ತಾರಷ್ಟೆ. ಹೀಗೆ ಶಿಶುನಾಳದ ಪದದ ವಸ್ತುವನ್ನು ನಮ್ಮ ಮಗಳು ಮಾರ್ಬಲ್ ಆರ್ಚಿನ ಪಕ್ಕದಲ್ಲಿ ಕಂಡು, ನಮಗೆ ವರ್ಣಿಸಿದಳು. ನೀರು ಎಲ್ಲಿರುತ್ತದೆ, ಕೆಂಡ ಎಲ್ಲಿರುತ್ತದೆ, ಸದ್ದು ಯಾಕೆ ಬರುತ್ತದೆ ಎಂದು.

ಆ ವರ್ಷದ ದೀಪಾವಳಿ ಕಾರ್ಯಕ್ರಮಕ್ಕೆ ಮಕ್ಕಳಿಂದ ಈ ಪದ ಹಾಡಿಸುತ್ತೇನೆಂದು ಅವಳು ಒಂದು ಸಂಘದ ಸಮಿತಿಯ ಮುಂದೆ ಕೇಳಿದಳು. ಆ ಸಂಘ ಯಾವುದೆಂದು ಕೇಳಬೇಡಿ, ಲಂಡನ್ನು ದೊಡ್ಡ ಊರು. ಸಮಿತಿಯಲ್ಲಿ ಒಂದು ಗಂಟೆ ಚರ್ಚೆ. ಹಬ್ಬದ ದಿನ ಮಕ್ಕಳ ಬಾಯಲ್ಲಿ ಹುಕ್ಕಾ ಪದವೆ ಎಂದರು ಒಬ್ಬರು. ಗಿಟಾರು ಆದೀತು, ಕರೆಂಟಿನ ಗಿಟಾರು ಬೇಡ ಎಂದರು ಇನ್ನೊಬ್ಬರು. ಹುಡುಗರು ಲುಂಗಿ ಉಡುವುದು ಸಂಸ್ಕೃತಿಗೆ ಕುಂದು, ಪಂಚೆ ಉಡಲಿ ಎಂದರು ಮೂರನೆಯವರು. ಕೊನೆಗೆ ಕೈ ಎತ್ತಿಸಿದರು. ಬೇಡ ಎಂಬುದಕ್ಕೆ ಎದ್ದ ಕೈಗಳಲ್ಲಿ ಒಂದು ನಮ್ಮದು. ಮಗಳು ಬಾಗಿಲ ಬಳಿ ನಿಂತು ನೋಡುತ್ತಿದ್ದಳು. ಯಾಕೆ ಎತ್ತಿದೆವು? ಹಿರಿಯರ ಮುಂದೆ ಸ್ವಂತ ಮಗಳ ಪಕ್ಷ ವಹಿಸಿದ ಹಾಗಾಗಬಾರದೆಂಬ ದೊಡ್ಡಸ್ತಿಕೆ. ಒಳಗೆ ಆ ಡ್ರಮ್ಮಿನ ಮೇಲಿನ ಸಿಟ್ಟೂ ಇತ್ತು. ಅವಳು ಒಂದು ಮಾತೂ ಆಡಲಿಲ್ಲ. ಕಾರಿನಲ್ಲೂ ಆಡಲಿಲ್ಲ. ಆಮೇಲೆ ಮೂರು ವರ್ಷ ಯಾವ ಕನ್ನಡ ಸಮಾರಂಭಕ್ಕೂ ಬರಲಿಲ್ಲ. ಮನೆಯಲ್ಲಿ ಇಂಗ್ಲಿಷಿನಲ್ಲೇ ಉತ್ತರ ಕೊಡುವುದನ್ನು ರೂಢಿಸಿಕೊಂಡಳು. ಮಕ್ಕಳಿಗೆ ಕನ್ನಡ ಉಳಿಸುವುದು ಹೇಗೆ ಎಂಬ ವಿಚಾರಗೋಷ್ಠಿಗಳಲ್ಲಿ ನಾವು ಅದೇ ವರ್ಷಗಳಲ್ಲಿ ಎರಡು ಸಲ ಅಧ್ಯಕ್ಷತೆ ವಹಿಸಿದ್ದೇವೆ ಎಂಬುದನ್ನೂ ಇಲ್ಲೇ ಒಪ್ಪಿಕೊಂಡುಬಿಡುತ್ತೇವೆ.

ಅವಳು ಶೆಫೀಲ್ಡಿಗೆ ಓದಲು ಹೋದಳು. ಒಂದು ಭಾನುವಾರ ರಾತ್ರಿ ಫೋನು. ಅವಳ ಜೊತೆಯ ಇಂಗ್ಲಿಷ್ ಹುಡುಗಿಯರು ಆ ಆಲ್ಬಮ್ ಕೇಳಿ ಗುಡುಗುಡಿ ಪದವನ್ನು ಬಾಯಿಪಾಠ ಮಾಡಿಬಿಟ್ಟಿದ್ದಾರೆ, ಅರ್ಥ ಕೇಳುತ್ತಿದ್ದಾರೆ, ಒಂದೊಂದೇ ಸಾಲು ಬಿಡಿಸಿ ಹೇಳಬೇಕು. ನಾವು ಕಿಟೆಲರ ನಿಘಂಟು ತೆಗೆದೆವು. ಸಾಲದೆ ಹುಬ್ಬಳ್ಳಿಯ ಬ್ಯಾಂಕಿನಲ್ಲಿದ್ದ ಅಣ್ಣನಿಗೆ ನಡುರಾತ್ರಿ ಫೋನು ಮಾಡಿದೆವು. "ಚಿಲುಮಿ, ಸಂಚಿ ತಿಳೀಲಿಲ್ಲೇನೋ ನಿಂಗ? ಡಾಕ್ಟರ್ ಆಗಿ ಏನ್ ಉಪಯೋಗ?" ಎಂದು ಅಲ್ಲಿ ಕಲಿತ ಭಾಷೆಯಲ್ಲೇ ಬೈದು ಅಣ್ಣ ಹೇಳಿಕೊಟ್ಟರು. ಶರೀಫರು ಹೇಳುತ್ತಿರುವುದು ಹೊಗೆಸೊಪ್ಪಿನ ಮಾತಲ್ಲ. ಒಳಗೆ ಕಟ್ಟಿಟ್ಟುಕೊಂಡಿರುವ ಮೋಹವನ್ನು ಹೊರಗೆ ತೆಗೆದು, ಸಣ್ಣಗೆ ಕೊಚ್ಚಿ, ವಿವೇಕದ ಬೆಂಕಿಗೆ ಹಾಕಿ ಸುಟ್ಟುಬಿಡು. ಈ ಶರೀರವೇ ಅದಕ್ಕೆ ತಕ್ಕ ಸಾಧನ, ಬೇರೆ ಕೊಳ್ಳಬೇಕಾಗಿಲ್ಲ ಎನ್ನುತ್ತಾರೆ. ಊರ ಕಟ್ಟೆಯ ಮೇಲೆ ಗುಡುಗುಡಿ ಸೇದುತ್ತ ಕುಳಿತವರಿಗೆ ಅವರ ಕೈಯಲ್ಲಿದ್ದ ವಸ್ತುವಿನಿಂದಲೇ ವೇದಾಂತ ಹೇಳಿದ ಜಾಣ್ಮೆ ಅದು. ಮುಲ್ಕಿ ಪರೀಕ್ಷೆ ಪಾಸು ಮಾಡಿ ಕೆಲಕಾಲ ಶಾಲೆಯಲ್ಲಿ ಮೇಷ್ಟರಾಗಿದ್ದವರಲ್ಲವೆ, ಯಾವ ಮಕ್ಕಳಿಗೆ ಯಾವ ಉದಾಹರಣೆ ಎಂದು ಬಲ್ಲರು. ಇಮಾಮ ಸಾಹೇಬರ ಮಗ, ಕಳಸದ ಗೋವಿಂದ ಭಟ್ಟರ ಶಿಷ್ಯ. ಇಬ್ಬರೂ ತಮ್ಮ ತಮ್ಮ ಜನರಿಂದ ಅಂದ ಮಾತುಗಳು ಕಡಿಮೆಯಲ್ಲ.

ನಾಲ್ಕು ಭಾನುವಾರ ಹೀಗೆ ಕಳೆಯಿತು. ನಾವು ಮಗಳೊಂದಿಗೆ ಅಷ್ಟು ಹೊತ್ತು ಕನ್ನಡದಲ್ಲಿ, ಕನ್ನಡದ ಬಗ್ಗೆ ಮಾತನಾಡಿದ್ದು ಅದೇ ಮೊದಲು. ಆ ಸಮಿತಿಯ ವಿಷಯ ಇಬ್ಬರೂ ಎತ್ತಲಿಲ್ಲ. ನಾಲ್ಕನೆಯ ಭಾನುವಾರ ಫೋನು ಇಡುವ ಮುನ್ನ ನಾವೇ, "ಅವತ್ತು ಕೈ ಎತ್ತಬಾರದಿತ್ತು" ಎಂದೆವು. "ಗೊತ್ತು" ಎಂದಳು. ಕನ್ನಡದಲ್ಲೇ ಎಂದಳು.

ಅಲ್ಲಿಂದ ನಮಗೂ ಹುಚ್ಚು ಹಿಡಿಯಿತು. ನಿವೃತ್ತಿಯ ಬಿಡುವು ಬೇರೆ. ಲಾವಣಿ, ತತ್ತ್ವಪದ ಎಂದು ಹುಡುಕುತ್ತ ಹೋದವರು ಎಡವಿದ್ದು ನಮ್ಮ ಪಕ್ಕದ ಬೀದಿಯಂಥ ಜಾಗಕ್ಕೇ. ಕನ್ನಡ ಲಾವಣಿಗಳನ್ನು ಬಹಳ ಹಿಂದೆಯೇ ಬರೆದುಕೊಂಡು ಅಚ್ಚುಹಾಕಿಸಿದವರಲ್ಲಿ ಮುಖ್ಯರು ಜಾನ್ ಫೇತ್‌ಫುಲ್ ಫ್ಲೀಟ್. ಶಾಸನಗಳನ್ನು ಓದಿದ ಫ್ಲೀಟರೆಂದು ಇತಿಹಾಸದ ವಿದ್ಯಾರ್ಥಿಗಳು ಬಲ್ಲಿರಿ. 'ಕನ್ನಡ ಜಿಲ್ಲೆಗಳ ರಾಜವಂಶಗಳು' ಬರೆದವರು. 1847ರಲ್ಲಿ ಹುಟ್ಟಿ, ಇಪ್ಪತ್ತರ ಹರೆಯದಲ್ಲಿ ಮುಂಬಯಿ ಪ್ರಾಂತಕ್ಕೆ ಐಸಿಎಸ್ ಅಧಿಕಾರಿಯಾಗಿ ಬಂದು, ನಮ್ಮ ಉತ್ತರದ ಜಿಲ್ಲೆಗಳಲ್ಲಿ ವರ್ಷಾನುಗಟ್ಟಲೆ ಇದ್ದವರು. 1880ರ ದಶಕದಲ್ಲಿ 'ಇಂಡಿಯನ್ ಆಂಟಿಕ್ವರಿ' ಪತ್ರಿಕೆಯಲ್ಲಿ ಕನ್ನಡ ಲಾವಣಿಗಳನ್ನು ಮೂಲ ಮತ್ತು ಇಂಗ್ಲಿಷ್ ಅನುವಾದ ಸಹಿತ ಪ್ರಕಟಿಸಿದರು. ಯಾವ ಲಾವಣಿಗಳು ಗೊತ್ತೆ? ಬ್ರಿಟಿಷರು 1831ರಲ್ಲಿ ಗಲ್ಲಿಗೇರಿಸಿದ ಸಂಗೊಳ್ಳಿ ರಾಯಣ್ಣನದು. 1857ರಲ್ಲಿ ಆಯುಧ ಒಪ್ಪಿಸುವುದಿಲ್ಲವೆಂದು ಸೆಟೆದು ನಿಂತ ಹಲಗಲಿಯ ಬೇಡರದು. ಸರಕಾರ ಹೇರಿದ ಇನ್‌ಕಮ್ ಟ್ಯಾಕ್ಸಿನ ಗೋಳಿನದೂ ಒಂದು. ಅದನ್ನು ಇಂದು ಈ ಸಭಾಂಗಣದಲ್ಲಿ ಹಾಡಿದರೆ ಎಲ್ಲರೂ ಗೀಗೀ ಹೇಳಲು ದನಿಗೂಡಿಸುತ್ತೀರಿ. ಸರಕಾರದ ಸಂಬಳ ತಿನ್ನುವ ಅಧಿಕಾರಿ ಸರಕಾರವನ್ನು ಬೈಯುವ ಪದಗಳನ್ನು ಅಕ್ಷರ ಬಿಡದೆ ಬರೆದುಕೊಂಡದ್ದು! ಆ ಮನುಷ್ಯನ ಮನಸ್ಸಿನಲ್ಲಿ ಏನಿತ್ತೋ ಎಂದು ನಾವು ಬಹಳ ಯೋಚಿಸಿದ್ದೇವೆ. ಕಿವಿಗೆ ಹಿತವಾದದ್ದನ್ನು ಬಿಡಲಾಗದ ಚಟವೇ ಇರಬೇಕು. ಅದು ನಮಗೆ ಅರ್ಥವಾಗುತ್ತದೆ.

ಈ ಫ್ಲೀಟರು 1897ರಲ್ಲಿ ನಿವೃತ್ತರಾಗಿ ಬಂದು ನೆಲೆಸಿದ್ದು ನಮ್ಮ ಈಲಿಂಗಿನಲ್ಲಿ. ತೀರಿಕೊಂಡದ್ದೂ ಇಲ್ಲೇ, 1917ರಲ್ಲಿ. ಸೆಂಟ್ರಲ್ ಲೈನಿನ ರೈಲಿನಲ್ಲಿ ಕುಳಿತರೆ ವೈಟ್ ಸಿಟಿಯಿಂದ ಈಸ್ಟ್ ಆ್ಯಕ್ಟನ್, ನಾರ್ತ್ ಆ್ಯಕ್ಟನ್, ವೆಸ್ಟ್ ಆ್ಯಕ್ಟನ್, ನಾಲ್ಕನೆಯದೇ ಈಲಿಂಗ್ ಬ್ರಾಡ್‌ವೇ. ಮೂವತ್ತು ವರ್ಷ ಆ ದಾರಿಯಲ್ಲಿ ಓಡಾಡಿದ್ದೇವೆ, ಒಂದು ದಿನವೂ ಗೊತ್ತಿರಲಿಲ್ಲ. ಇನ್ನೂ ಒಂದು ಮಾತು. ಫ್ಲೀಟರು ಆ ಸೀಮೆಯಲ್ಲಿ ಓಡಾಡುತ್ತಿದ್ದ 1870ರ ಸುಮಾರಿಗೆ ಶರೀಫರಿಗೆ ಐವತ್ತು ದಾಟಿತ್ತು. ಅದೇ ಸೀಮೆಯ ಸಂತೆ-ಜಾತ್ರೆಗಳಲ್ಲಿ ಪದ ಕಟ್ಟಿ ಹಾಡುತ್ತಿದ್ದರು. ಫ್ಲೀಟರ ಕುದುರೆ ಒಂದು ದಿನ ಶಿಗ್ಗಾಂವಿಯ ಹಾದಿ ಹಿಡಿದಿದ್ದರೆ ಎಂದು ಊಹಿಸಿಕೊಳ್ಳುವ ಸುಖವನ್ನು ನಮ್ಮಿಂದ ಯಾರೂ ಕಸಿಯಲಾರರು.

ಈಲಿಂಗಿನಿಂದ ಇನ್ನೂ ಪಶ್ಚಿಮಕ್ಕೆ ಹೋದರೆ ಹೇಸ್. ಅಲ್ಲಿ 1907ರಿಂದ ಗ್ರಾಮಫೋನ್ ಕಂಪನಿಯ ಕಾರ್ಖಾನೆ ಇತ್ತು. ನಾಯಿಯ ಚಿತ್ರದ 'ಹಿಸ್ ಮಾಸ್ಟರ್ಸ್ ವಾಯ್ಸ್' ಅವರದೇ. ಆ ಹಳೆಯ ಹತ್ತಂಗುಲದ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಯುತ್ತಿದ್ದುದು ಸುಮಾರು ಮೂರು ನಿಮಿಷ. ಲಾವಣಿಯಾದರೋ ರಾತ್ರಿ ಊಟ ಮುಗಿಸಿ ಶುರುಮಾಡಿದರೆ ಕೋಳಿ ಕೂಗುವವರೆಗೆ. ಡಪ್ಪಿನವನು ಒಂದು ನುಡಿ ಹಾಡಿದರೆ ಹಿಂದೆ ತುಂತುಣಿಯವನೂ ತಾಳದವನೂ ದನಿ ಎತ್ತಿ ಹಿಡಿಯಬೇಕು. ಎದುರು ಮೇಳದವರು ಸವಾಲು ಹಾಕಬೇಕು. ಕೇಳುವವರು ನಡುವೆ ಎದ್ದುಹೋಗಿ ಎಲೆಯಡಿಕೆ ಹಾಕಿಕೊಂಡು ಬರಬೇಕು. ಇದನ್ನು ಮೂರು ನಿಮಿಷಕ್ಕೆ ಕತ್ತರಿಸುವುದು ಆನೆಯ ಬಾಲವನ್ನು ಮಾತ್ರ ಫೋಟೋ ತೆಗೆದ ಹಾಗೆ. ನಮ್ಮ ದೀರ್ಘ ಪದಗಳಿಗೆ ಯಂತ್ರದಲ್ಲಿ ಜಾಗ ಸಿಕ್ಕಿದ್ದು ಎಂಬತ್ತರ ದಶಕದಲ್ಲಿ, ಅಗ್ಗದ ಕ್ಯಾಸೆಟ್ಟು ಬಂದಾಗ. ಒಂದು ಮಗ್ಗುಲಿಗೆ ಅರ್ಧ ಗಂಟೆ, ಮಗುಚಿ ಹಾಕಿದರೆ ಇನ್ನರ್ಧ ಗಂಟೆ. ಮಳವಳ್ಳಿ ಮಹದೇವಸ್ವಾಮಿಯವರ ಕಂಠದ ಮಾದಪ್ಪನ, ಮಂಟೇಸ್ವಾಮಿಯ ಕಥೆಗಳು, ಉತ್ತರದಲ್ಲಿ ಗುರುರಾಜ ಹೊಸಕೋಟೆಯವರ ಜಾನಪದ ಗೀತೆಗಳು ಬಸ್ಸುಗಳಲ್ಲಿ, ಚಹಾದಂಗಡಿಗಳಲ್ಲಿ, ಟ್ರ್ಯಾಕ್ಟರುಗಳಲ್ಲಿ ಕೇಳತೊಡಗಿದ್ದು ಆಗಲೇ. ಅವರ ಹೆಸರು ಬಿಬಿಸಿಯಲ್ಲಿ ಬರಲಿಲ್ಲ. ಬರದಿದ್ದರೂ ಅವರಿಗೆ ಏನೂ ಕಡಿಮೆಯಾಗಲಿಲ್ಲ. ರಘು ದೀಕ್ಷಿತರ ಆಲ್ಬಮ್ಮನ್ನು ಹೊಗಳುವಾಗ ಇದನ್ನು ಮರೆಯಬಾರದೆಂದು ನಮ್ಮ ಮನೆಯವರು ಚೀಟಿಯಲ್ಲಿ ಬರೆದುಕೊಟ್ಟಿದ್ದಾರೆ.

ಡ್ರಮ್ಮಿನ ಜಗಳ ನಮ್ಮದೊಂದೇ ಅಲ್ಲ ಎಂಬುದನ್ನು ಮಗಳೇ ತೋರಿಸಿದಳು. ಕ್ಯಾಮ್ಡೆನ್ನಿನಲ್ಲಿ ಸೆಸಿಲ್ ಶಾರ್ಪ್ ಹೌಸ್ ಎಂಬ ಇಂಗ್ಲಿಷ್ ಜಾನಪದ ಭವನವಿದೆ. 1903ರಲ್ಲಿ ಸಾಮರ್ಸೆಟ್ಟಿನ ಹಳ್ಳಿಯೊಂದರಲ್ಲಿ ತೋಟದ ಮಾಲಿ ಹಾಡುತ್ತಿದ್ದುದನ್ನು ಕೇಳಿ, ಮುಂದೆ ಜೀವಮಾನವೆಲ್ಲ ಹಳ್ಳಿಯ ಹಾಡು ಬರೆದುಕೊಳ್ಳುತ್ತಲೇ ಇದ್ದ ಶಾರ್ಪರ ಹೆಸರಿನ ಭವನ, 1930ರಲ್ಲಿ ತೆರೆದದ್ದು. ಅಲ್ಲಿ ಒಂದು ಸಂಜೆ ನಮ್ಮ ಪಕ್ಕ ಕುಳಿತಿದ್ದ ಬಿಳಿಗಡ್ಡದ ಮುದುಕರೊಬ್ಬರು, 1969ರಲ್ಲಿ 'ಲೀಜ್ ಆ್ಯಂಡ್ ಲೀಫ್' ಬಂದಾಗ ತಮ್ಮ ಕ್ಲಬ್ಬು ಎರಡು ಹೋಳಾಯಿತೆಂದು ನಿನ್ನೆ ನಡೆದಂತೆ ದುಃಖದಿಂದ ಹೇಳಿದರು. ಮಸ್ವೆಲ್ ಹಿಲ್ಲಿನಲ್ಲಿ ಹುಟ್ಟಿಕೊಂಡ ಫೇರ್‌ಪೋರ್ಟ್ ಕನ್ವೆನ್ಷನ್ ಎಂಬ ತಂಡ, ವಿಂಬಲ್ಡನ್ನಿನ ಹುಡುಗಿ ಸ್ಯಾಂಡಿ ಡೆನ್ನಿಯ ಕಂಠದಲ್ಲಿ, ಶತಮಾನಗಳ ಹಳೆಯ ಹಳ್ಳಿಯ ಕಥನಗೀತೆಗಳಿಗೆ ಕರೆಂಟಿನ ಗಿಟಾರು, ಡ್ರಮ್ಮು ಸೇರಿಸಿ ಮಾಡಿದ ಆಲ್ಬಮ್ ಅದು. ಅದೇ ವರ್ಷದ ಮೇ ತಿಂಗಳಲ್ಲಿ ಎಂ-1 ರಸ್ತೆಯಲ್ಲಿ ಅವರ ವ್ಯಾನು ಉರುಳಿ ಡ್ರಮ್ ಬಾರಿಸುವ ಹುಡುಗ ತೀರಿಕೊಂಡಿದ್ದ. ಉಳಿದವರು ಚೇತರಿಸಿಕೊಂಡು ಮಾಡಿದ ಕೆಲಸ. ಆಗ ಮೂಗು ಮುರಿದವರ ನಾಡಿನಲ್ಲೇ 2006ರಲ್ಲಿ ರೇಡಿಯೋ 2ರ ಕೇಳುಗರು ಅದನ್ನು ಅತ್ಯಂತ ಪ್ರಭಾವಶಾಲಿ ಜಾನಪದ ಆಲ್ಬಮ್ ಎಂದು ಆರಿಸಿದರು. "ಈಗ ನಿಮಗೆ ಇಷ್ಟವೆ?" ಎಂದು ಆ ಮುದುಕರನ್ನು ಕೇಳಿದೆವು. "ಇಲ್ಲ, ಆದರೆ ನನ್ನ ಮೊಮ್ಮಗ ಆ ಹಾಡುಗಳನ್ನು ಕಲಿತದ್ದು ಅದರಿಂದಲೇ" ಎಂದರು.

ನಮಗಂತೂ ಇಂದಿಗೂ ಅಶ್ವತ್ಥರೇ ಹೆಚ್ಚು. ಅವರು 2009ರ ಡಿಸೆಂಬರ್ 29ರಂದು, ತಮ್ಮ ಎಪ್ಪತ್ತನೆಯ ಹುಟ್ಟುಹಬ್ಬದ ದಿನವೇ ಹೋದರು. ಆ ಸುದ್ದಿ ಬಂದ ರಾತ್ರಿ ಆ ಹಿಗ್ಗಿದ ಸುರುಳಿಯನ್ನೇ ಹಾಕಿಕೊಂಡು ಕುಳಿತಿದ್ದೆವು. ಹೊಸ ಆಲ್ಬಮ್ಮಿನಲ್ಲಿ ಡ್ರಮ್ಮು ಕೆಲವು ಕಡೆ ಮಾತನ್ನು ನುಂಗುತ್ತದೆ ಎಂಬ ನಮ್ಮ ತಕರಾರೂ ಹಾಗೇ ಇದೆ; ತತ್ತ್ವಪದದಲ್ಲಿ ಮಾತು ಕೇಳಿಸದಿದ್ದರೆ ಉಳಿಯುವುದು ಹೊಗೆ ಮಾತ್ರ. ಆದರೆ ಮಾತು ಏನೆಂದು ನಮ್ಮನ್ನು ಕೇಳುವಂತೆ ಮಾಡಿದ್ದು ಅಶ್ವತ್ಥರ ಸುರುಳಿಯಲ್ಲ. ಇಪ್ಪತ್ತು ವರ್ಷ ಅದನ್ನು ಕೇಳಿ ತಲೆದೂಗಿದ್ದೆವೇ ಹೊರತು ಒಂದು ಸಲವೂ ನಿಘಂಟು ತೆರೆದಿರಲಿಲ್ಲ.

ಅಧ್ಯಕ್ಷರು ಕೈಗಡಿಯಾರ ನೋಡುತ್ತಿದ್ದಾರೆ. ಮುಗಿಸುತ್ತೇವೆ. ಈಗ ನಮ್ಮ ಸಂಘದ ಹನ್ನೊಂದು ಮಕ್ಕಳು ಆ ಪದವನ್ನೇ ಹಾಡಲಿದ್ದಾರೆ. ಕಲಿಸಿದವಳು ನಮ್ಮ ಮಗಳು; ಹಾಡುವವರಲ್ಲಿ ಎಡದಿಂದ ಎರಡನೆಯವಳು, ಹಲ್ಲು ಬಿದ್ದಿರುವವಳು, ನಮ್ಮ ಮೊಮ್ಮಗಳು. ಮಟ್ಟು ಅಶ್ವತ್ಥರದೂ ಅಲ್ಲ, ರಘು ದೀಕ್ಷಿತರದೂ ಅಲ್ಲ. ನಡುನಡುವೆ ಮಕ್ಕಳು ಎಳೆದ ಕಡೆಗೆ ಹೋಗುತ್ತದೆ. ಡ್ರಮ್ಮು ಇದೆ, ಮೆಲ್ಲಗೆ ಬಾರಿಸಲು ಹೇಳಿದ್ದೇವೆ, ಕೇಳುತ್ತಾನೋ ಇಲ್ಲವೋ. ನಿಮ್ಮ ಕೈಯಲ್ಲಿರುವ ಹಾಳೆಯಲ್ಲಿ ಇಂಗ್ಲಿಷ್ ಅರ್ಥ ಅಚ್ಚಾಗಿದೆ. 'ಗುಡುಗುಡಿ'ಗೆ ಏನು ಹಾಕುವುದೆಂದು ಅಪ್ಪ-ಮಗಳಿಗೆ ಎರಡು ವಾರ ವಾದ ನಡೆಯಿತು. ನಾವು ಹುಕ್ಕಾ ಎಂದೆವು. ಅವಳು 'ಹಬಲ್-ಬಬಲ್' ಎಂದಳು. ಇಂಗ್ಲಿಷಿನವರೂ ಆ ವಸ್ತುವಿಗೆ ಅದರ ಸದ್ದನ್ನೇ ಹೆಸರಾಗಿ ಇಟ್ಟಿದ್ದಾರೆಂದು ನಮಗೆ ತಿಳಿದದ್ದು ಈ ವಯಸ್ಸಿನಲ್ಲಿ. ಅವಳದೇ ಅಚ್ಚಾಗಿದೆ.

ಪರದೆಯ ಹಿಂದಿನಿಂದ ಗೆಜ್ಜೆಯ ಸದ್ದು ಕೇಳುತ್ತಿದೆಯಲ್ಲ, ಸ್ವಲ್ಪ ತಡೆಯಿರಿ. ಲುಂಗಿಗಳು ಜಾರುತ್ತಿವೆಯಂತೆ. ಮುಂದಿನ ಸಾಲಿನ ಹೆಂಗಸರ ಹತ್ತಿರ ಯಾರದಾದರೂ ಬಳೆಯಲ್ಲಿ ಸೇಫ್ಟಿ ಪಿನ್ ಇದ್ದರೆ ದಯವಿಟ್ಟು ಒಳಗೆ ಕಳುಹಿಸಿಕೊಡಿ, ಎಂಟು ಬೇಕಂತೆ.